ಓನರಮ್ಮ ತರಿಸಿದ ತತ್ತಿ

ಮೊನ್ನೆ ಹೊಸಪೇಟೆಯ ಕರೆಂಟು ಸಾಮಾನಿನ ಅಂಗಡಿಯೊಂದರಲ್ಲಿ ಬಲ್ಬು ಕೊಳ್ಳಲು ನಿಂತಿದ್ದೆ. ನನಗಿಂತ ಮುಂದಿದ್ದ ಹಿರಿಯರೊಬ್ಬರು ದೇವರ ಕೋಣೆಗೆ ಹಳೆಯ ನಮೂನೆಯ ಗಾಜಿನ ಬಲ್ಬೇ ಬೇಕು, ಈಗಿನ ಬಿಳಿ ಬೆಳಕು ಬೇಡ ಎಂದು ಹಟ ಹಿಡಿದಿದ್ದರು. ಅಂಗಡಿಯವನು ಗೊಣಗುತ್ತಲೇ ಅಟ್ಟದಿಂದ ಧೂಳು ಹಿಡಿದ ಡಬ್ಬಿ ಇಳಿಸಿ, ಒಂದು ಬಲ್ಬನ್ನು ತೆಗೆದು ಹೋಲ್ಡರಿಗೆ ಸಿಕ್ಕಿಸಿದ. ಹಳದಿ ಬೆಳಕು ಹತ್ತಿತು. ಸ್ವಲ್ಪ ಹೊತ್ತಿಗೆ ಗಾಜಿನ ಮೇಲಿನ ಧೂಳು ಕಾದು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ, ನಾನು ಏನು ಕೊಳ್ಳಲು ಬಂದಿದ್ದೆ ಎನ್ನುವುದೇ ಮರೆತುಹೋಯಿತು. ಸಂಡೂರಿನ ಆ ಹಿತ್ತಲ ಕೋಣೆ, ರೊಟ್ಟಿ ಬುಟ್ಟಿ, ಬುಟ್ಟಿಯ ಮುಂದೆ ಕಾಲು ಚಾಚಿ ಕೂತ ಓನರಮ್ಮ...

ಓನರಮ್ಮ ಅನ್ನುವುದು ನಾನು ಮನಸ್ಸಿನಲ್ಲೇ ಇಟ್ಟ ಹೆಸರು. ಎದುರಿಗೆ ಅಮ್ಮಾ ಅನ್ನುತ್ತಿದ್ದೆ. ಆಗ ನನಗೆ ಹೊಸದಾಗಿ ನೌಕರಿ ಸಿಕ್ಕಿತ್ತು. ಸಂಡೂರಿನ ಆಚೆ ಗುಡ್ಡದ ಮೇಲಿನ ಗಣಿ ಕಂಪನಿಯೊಂದರಲ್ಲಿ ಅದಿರು ಪರೀಕ್ಷೆ ಮಾಡುವ ಲ್ಯಾಬಿನ ಕೆಲಸ. ಕಂಪ್ಲಿ ಕಡೆಯ ಮೆಟ್ರಿಯಿಂದ ದಿನಾ ಓಡಾಡುವುದು ಆಗದ ಮಾತು. ಬಾಡಿಗೆಗೆ ಒಂದು ಕೋಣೆ ಹುಡುಕುತ್ತ ಓಣಿ ಓಣಿ ತಿರುಗಿದೆ. ಹೋದಲ್ಲೆಲ್ಲ ನೀರು ಕೊಟ್ಟು, ಊರು ಕೇಳಿ, ಆಮೇಲೆ ಮೆಲ್ಲಗೆ "ನೀವು ಯಾರ ಪೈಕಿ?" ಎಂದು ಕೇಳುತ್ತಿದ್ದರು. ನಾನು ಹೇಳಿದ ಕೂಡಲೇ ಆ ಕೋಣೆ ಅವರ ತಂಗಿಯ ಮಗನಿಗೋ ಮೈದುನನಿಗೋ ಮೊದಲೇ ನಿಗದಿಯಾಗಿರುತ್ತಿತ್ತು. ಸಂಡೂರಿನಲ್ಲಿ ಎಷ್ಟೊಂದು ಜನ ತಂಗಿಯ ಮಕ್ಕಳು ಕೋಣೆ ಹುಡುಕುತ್ತಿದ್ದರೋ ದೇವರಿಗೇ ಗೊತ್ತು.

ಕೊನೆಗೆ ರೋಸಿಹೋಗಿ, ಈ ಮನೆಯ ಕಟ್ಟೆಯ ಮೇಲೆ ನಿಂತವಳೇ ಅವರು ಕೇಳುವ ಮೊದಲೇ ಹೇಳಿಬಿಟ್ಟೆ. ನಾವು ಇಂಥವರು, ನಮ್ಮ ಮನೆಯಲ್ಲಿ ಬುದ್ಧನ ಪಟ ಇದೆ, ಕೋಳಿ ಕುರಿ ಎಲ್ಲ ತಿನ್ನುತ್ತೇವೆ, ಕೊಡುವುದಿದ್ದರೆ ಕೊಡಿ, ಇಲ್ಲದಿದ್ದರೆ ಈಗಲೇ ಇಲ್ಲ ಅನ್ನಿ ಎಂದೆ. ಓನರಮ್ಮ ಅಡಿಯಿಂದ ಮುಡಿಯವರೆಗೆ ನೋಡಿದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಸೆರಗಿನ ಮರೆಯಲ್ಲಿ ಲಿಂಗದ ಕರಡಿಗೆ.

"ಬಾಯಿ ಜೋರೈತಿ ನಿಂದು," ಅಂದರು. "ಇರು. ಆದರ ತತ್ತಿ, ಮಾಂಸ ಈ ಕಂಪೌಂಡಿನೊಳಗ ಬರಬಾರದು ನೋಡು. ಹೊರಗ ಏನು ತಿಂತಿ ಅಂತ ನಾ ಕೇಳಂಗಿಲ್ಲ."

ಹೀಗೆ ಕೋಣೆ ಸಿಕ್ಕಿತು. ಅವರ ಯಜಮಾನರದು ಬಜಾರಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ, ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಓನರಮ್ಮನನ್ನು ದೇವತೆ ಮಾಡಿ ಕೂರಿಸುವುದು ನನಗೆ ಬೇಕಿಲ್ಲ. ಕೋಣೆ ಕೊಟ್ಟರು, ನಿಜ, ಆದರೆ ನನ್ನ ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಹೊರಗೆ ನಿಂತೇ ಮಾತು. ಇನ್ನೊಂದು ಕಡೆ, ಅವರ ಮನೆಗೆ ಬಂದದ್ದು ಯಾವುದೂ ಹಸಿದು ಹೋಗುವ ಹಾಗಿರಲಿಲ್ಲ. ಜಂಗಮರು ಬರಲಿ, ಮೀಟರು ಓದುವವನು ಬರಲಿ, ಬೀದಿಯ ಮುದಿ ಆಕಳು ಬರಲಿ, ಒಂದು ರೊಟ್ಟಿಯಾದರೂ ಬಾಯಿಗೆ ಬೀಳಬೇಕು. ನನಗೂ ಎಷ್ಟೋ ಸಲ ಹೊಸ್ತಿಲ ಆಚೆಯಿಂದಲೇ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಬರುತ್ತಿತ್ತು. ತತ್ತಿ ಬರಕೂಡದು, ಬಂದವರು ಹಸಿದು ಹೋಗಕೂಡದು. ಇವೆರಡೂ ಒಂದು ದಿನ ಎದುರುಬದುರು ನಿಲ್ಲುತ್ತವೆ ಎಂದು ಯಾರಿಗೆ ಗೊತ್ತಿತ್ತು?

ಶ್ರಾವಣದ ಜಿಟಿಜಿಟಿ ಮಳೆಯ ದಿನಗಳು. ಹಿಂದಿನ ಓಣಿಯ ಕೋಳಿಯೊಂದು ಕದ್ದುಮುಚ್ಚಿ ಬಂದು ಓನರಮ್ಮನ ಹಿತ್ತಲಿನ ಕಟ್ಟಿಗೆ ರಾಶಿಯ ಒಳಗೆ ತತ್ತಿ ಇಟ್ಟು ಕಾವಿಗೆ ಕೂತಿತ್ತಂತೆ. ತತ್ತಿ ಬರಬಾರದು ಎಂದು ನನಗೆ ತಾಕೀತು ಮಾಡಿದ ಕಂಪೌಂಡಿನೊಳಗೇ! ಅವರಿಗೆ ಗೊತ್ತಾದದ್ದು ಮರಿಗಳು ಚೀಂಗುಟ್ಟಿದಾಗಲೇ. ನಾವಿಬ್ಬರೂ ನೋಡುತ್ತಿದ್ದಂತೆ ಕೋಳಿ ತನ್ನ ಹಿಂಡು ಕಟ್ಟಿಕೊಂಡು ಕಂಪೌಂಡಿನ ಸಂದಿಯಿಂದ ಹೊರಟೇ ಹೋಯಿತು. ಗೂಡಿನಲ್ಲಿ ಒಂದು ತತ್ತಿ ಉಳಿದಿತ್ತು. ಅದರಲ್ಲಿ ಸಣ್ಣ ತೂತು. ತೂತಿನೊಳಗಿಂದ ಸಣ್ಣ ದನಿ.

ಓನರಮ್ಮ ಅದನ್ನು ಮುಟ್ಟಲಿಲ್ಲ. ಬಿಟ್ಟು ಹೋಗಲೂ ಆಗಲಿಲ್ಲ. ಕೊಡೆ ಹಿಡಿದು ಕಟ್ಟಿಗೆ ರಾಶಿಯ ಮುಂದೆ ಮಣೆ ಹಾಕಿಕೊಂಡು ಕೂತರು. ಮಧ್ಯಾಹ್ನ ಕಳೆದ ಮೇಲೆ ಮರಿ ಹೊರಗೆ ಬಂತು, ಒದ್ದೆಯಾಗಿ, ಉಸಿರು ಬಿಡುತ್ತ. ಆದರೆ ಅದರ ಕತ್ತು ಹಿಂದಕ್ಕೆ ತಿರುಚಿಕೊಂಡಿತ್ತು. ಕೊಕ್ಕು ಆಕಾಶ ನೋಡುತ್ತಿತ್ತು. ಎದ್ದು ನಿಲ್ಲಲು ಹೋದರೆ ಹಿಂದಕ್ಕೆ ಮಗುಚಿ ಬೀಳುತ್ತಿತ್ತು.

ಅದನ್ನು ಹಳೆಯ ಅರಿವೆಯಲ್ಲಿ ಎತ್ತಿಕೊಂಡು ಇಬ್ಬರೂ ಹಿಂದಿನ ಓಣಿಯ ಕೋಳಿಯವರ ಮನೆಗೆ ಹೋದೆವು. ತಾಯಿಯ ಮುಂದೆ ಬಿಟ್ಟದ್ದೇ ತಡ, ಅದು ಮರಿಯ ನೆತ್ತಿಗೆ ಕುಕ್ಕಿತು. ನೆತ್ತಿಯ ಮೇಲೆ ರಕ್ತ ಕಂಡಿತು. ಕೋಳಿಯ ಮಾಲೀಕರು ನಕ್ಕು, "ಅದು ಉಳಿಯಂಗಿಲ್ರಿ ಅಕ್ಕಾರ. ತಾಯಿಗೇ ಬ್ಯಾಡ ಆಗೈತಿ. ಬೆಕ್ಕಿಗೆ ಒಗೀರಿ," ಅಂದರು.

"ಬೆಕ್ಕಿಗೆ ಒಗಿಯಾಕ ನನ್ನ ಹಿತ್ತಲದಾಗ ಯಾಕ ಹುಟ್ಟಬೇಕಿತ್ತು?" ಎಂದು ಅವರ ಮೇಲೇ ರೇಗಿ, ಮರಿಯನ್ನು ತಿರುಗಿ ಎತ್ತಿ ಸೆರಗಿನಲ್ಲಿ ಸುತ್ತಿಕೊಂಡು ಓನರಮ್ಮ ಸರಸರ ನಡೆದರು. ಮಾಂಸ ತಿನ್ನುವ ಮನೆಯವಳು ನಾನು ಹಿಂದೆ, ಕೋಳಿಯನ್ನು ಹುಟ್ಟಾ ಮುಟ್ಟದವರು ಮುಂದೆ. ಓಣಿಯ ಜನ ಬಾಗಿಲಿಗೆ ಬಂದು ನೋಡುತ್ತಿದ್ದರು.

ನಮ್ಮ ಊರಿನಲ್ಲಿ ಅವ್ವ ಕೋಳಿ ಸಾಕುತ್ತಿದ್ದಳು. ಇಂಥ ಮರಿ ಹುಟ್ಟಿದರೆ ಅವಳು ಎತ್ತಿ ಒಂದು ಕಡೆ ಇಡುತ್ತಿದ್ದಳು, ಬೆಳಗಾಗುವಷ್ಟರಲ್ಲಿ ಅದು ಇರುತ್ತಿರಲಿಲ್ಲ. ಹಾಗಾಗಿ ಇದಕ್ಕೆ ಏನು ಮಾಡಬೇಕು ಎಂದು ನನಗೆ ಗೊತ್ತಿರಲಿಲ್ಲ. ಓನರಮ್ಮನಿಗೆ ಮಾತ್ರ ಎಲ್ಲ ಗೊತ್ತಿತ್ತು. ಅಕ್ಕ ತಂಗಿಯರ, ನಾದಿನಿಯರ ಬಾಣಂತನ ಮಾಡಿದ ಕೈ ಅವರದು. ತಮ್ಮ ಮನೆಯ ಹಿತ್ತಲ ಕೋಣೆಯಲ್ಲಿ ರೊಟ್ಟಿ ಬುಟ್ಟಿಗೆ ಯಜಮಾನರ ಹಳೆಯ ಮಫ್ಲರ್ ಹಾಸಿ, ಮೇಲೆ ಗಾಜಿನ ಬಲ್ಬು ಇಳಿಬಿಟ್ಟರು. ಆ ಬಲ್ಬು ವರ್ಷಗಟ್ಟಲೆ ಹತ್ತಿರಲಿಲ್ಲ. ಸಂಡೂರಿನ ಕೆಂಪು ಧೂಳು ಅದರ ಮೈಗೆಲ್ಲ ಹತ್ತಿತ್ತು, ಅದು ಕಾದಾಗ ಬಂದ ವಾಸನೆಯೇ ಮೊನ್ನೆ ಅಂಗಡಿಯಲ್ಲಿ ಮೂಗಿಗೆ ಬಡಿದದ್ದು. ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಆಮೇಲೆ ಮಗಳು ಕೂಸಾಗಿದ್ದಾಗಿನ ಒಳಲೆ ಹುಡುಕಿ ತೆಗೆದು, ಆಕಳ ಹಾಲಿಗೆ ತುಸು ತುಪ್ಪ ಬೆರೆಸಿ ಮರಿಯ ಕೊಕ್ಕಿಗೆ ಬಿಟ್ಟರು!

ಕೋಳಿ ಮರಿಗೆ ಹಾಲು ಕುಡಿಸಿದವರನ್ನು ನಾನು ಅದೇ ಮೊದಲು ನೋಡಿದ್ದು. ನಮ್ಮವ್ವನಾದರೆ ಒಂದು ಮುಷ್ಟಿ ಜೋಳದ ನುಚ್ಚು ಚೆಲ್ಲುತ್ತಿದ್ದಳು. ನಾನು ಅದನ್ನೂ ಹಾಕಿ ನೋಡಿದೆ. ಮರಿ ಕಾಳು ನೋಡುತ್ತಿತ್ತು, ಅದಕ್ಕೆ ಆಸೆಯೂ ಇತ್ತು, ಆದರೆ ಕೊಕ್ಕು ಕೆಳಗೆ ಹೋಗುವ ಬದಲು ಮೇಲಕ್ಕೆ ಹೋಗುತ್ತಿತ್ತು. ಹಸಿವಾಗಿದೆ, ಕಾಳು ಮುಂದಿದೆ, ಬಾಯಿಗೆ ಸಿಗುವುದಿಲ್ಲ. ಅದನ್ನು ನೋಡುತ್ತ ಕೂರುವುದು ಬಹಳ ಕಷ್ಟವಾಗಿತ್ತು. ಓನರಮ್ಮ ಹಾಲು ಬಿಡುತ್ತ, "ಉಪವಾಸ ಸಾಯಬ್ಯಾಡ ನನ್ನಪ್ಪ, ಉಪವಾಸ ಸಾಯಬ್ಯಾಡ," ಅನ್ನುತ್ತಿದ್ದರು. ಮರುದಿನದ ಹೊತ್ತಿಗೆ ಮರಿಗೆ ಭೇದಿ ಹತ್ತಿತು.

ಅರ್ಧ ದಿನ ರಜೆ ಹಾಕಿ, ಮರಿಯನ್ನು ಚಪ್ಪಲಿ ಡಬ್ಬಿಯಲ್ಲಿ ಇಟ್ಟುಕೊಂಡು ದನದ ದವಾಖಾನೆಗೆ ಹೋದೆ. ಎಮ್ಮೆ, ಹೋರಿಗಳ ನಡುವೆ ನನ್ನ ಡಬ್ಬಿ ನೋಡಿ ಡಾಕ್ಟರು ನಕ್ಕರು, ಆದರೆ ಕಳಿಸಲಿಲ್ಲ. ಕತ್ತು ತಿರುಗಿಸಿ ನೋಡಿ, ಹಿಂಭಾಗ ನೋಡಿ, "ಹಾಲು ಕುಡಿಸೀರೇನು?" ಅಂದರು. ಹೌದು ಅಂದೆ. "ಇದೇನು ಆಕಳ ಹೊಟ್ಟ್ಯಾಗ ಹುಟ್ಟೈತೇನ್ರಿ? ಮೊದಲು ಹಾಲು ಬಂದ್ ಮಾಡ್ರಿ."

ವಿಟಮಿನ್ ಕಡಿಮೆಯಾದರೆ ಹೀಗೆ ಕತ್ತು ತಿರುಚುತ್ತದಂತೆ. ಕುಡಿಸಲು ಡ್ರಾಪ್ಸ್ ಬರೆದುಕೊಟ್ಟರು. ಜೊತೆಗೆ, ಬೇಯಿಸಿದ ತತ್ತಿಯ ಹಳದಿ. ಮೆತ್ತಗೆ ಮಾಡಿ ತುಸುತುಸುವೇ ನುಂಗಿಸಬೇಕು. "ಹುಟ್ಟೋ ಮುಂದ ಮರಿ ಅದನ್ನ ಹೊಟ್ಟ್ಯಾಗ ಬುತ್ತಿ ಕಟ್ಟಿಕೊಂಡು ಬಂದಿರ್ತೈತ್ರಿ. ಇದರ ಬುತ್ತಿ ಮುಗದೈತಿ. ಕೊಟ್ಟು ನೋಡ್ರಿ. ಉಳಿತೈತಿ ಅಂತ ನಾ ಹೇಳಂಗಿಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಈ ಮಾತನ್ನು ಓನರಮ್ಮನ ಮುಂದೆ ಹೇಗೆ ಆಡಲಿ ಎಂಬುದೇ ಚಿಂತೆ. ಹೇಳಿದೆ. ಅವರು ಮರಿಯ ಸುತ್ತಲಿನ ಮಫ್ಲರ್ ಸರಿಮಾಡಿದರು. ಆಮೇಲೆ, "ಬ್ಯಾರೆ ಏನೂ ಇಲ್ಲಂತೇನು?" ಅಂದರು. ಡಾಕ್ಟರು ಬೇರೆ ಏನೂ ಹೇಳಿಲ್ಲ ಅಂದೆ. "ಅದರ ಜಾತೀದನ್ನ ಅದಕ್ಕ ತಿನ್ನಸಾಕ ಹೇಳ್ತಾರಲ್ಲವಾ... ಇದೆಂಥ ಔಷಧ?"

ಆ ಸಂಜೆ ಅವರು ಹೆಸರುಬೇಳೆ ಕಟ್ಟು ಬಿಟ್ಟು ನೋಡಿದರು. ಹುರಿಗಡಲೆ ಹಿಟ್ಟು ಕಲಸಿ ಬಿಟ್ಟರು. ರಾಗಿ ಗಂಜಿ ಬಿಟ್ಟರು. ಕೊಕ್ಕಿನ ಬದಿಯಿಂದ ಎಲ್ಲ ಹೊರಗೆ ಹರಿಯಿತು. ಡ್ರಾಪ್ಸ್ ಮಾತ್ರ ಒಳಗೆ ಹೋಯಿತು. ಮರಿಯ ದನಿ ಇನ್ನಷ್ಟು ಸಣ್ಣದಾಗಿತ್ತು. ಯಜಮಾನರು ಊಟಕ್ಕೆ ಕೂತವರು ಕೋಣೆಯ ಕಡೆ ನೋಡಿ, "ಅಂಗಡಿಗೆ ಬೋರ್ಡು ಬರೆಸಲೇನು, ಇಲ್ಲಿ ಕೋಳಿ ದವಾಖಾನಿ ಐತಿ ಅಂತ?" ಎಂದು ಕಿಚಾಯಿಸಿದರು. ಓನರಮ್ಮ ನಗಲಿಲ್ಲ.

ಮರುದಿನ ಬೆಳಿಗ್ಗೆ ಸ್ಟಾಫ್ ಬಸ್ಸಿಗೆ ಹೊರಟಿದ್ದೆ. ಗೇಟಿನ ತನಕ ಹಿಂದೆಯೇ ಬಂದರು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ, "ಯವ್ವಾ, ಸಂಜಿಗೆ ಬರೋ ಮುಂದ... ಅದನ್ನ ಒಂದು ತಗೊಂಡು ಬಾ," ಅಂದರು.

"ಯಾವುದನ್ನ ಅಮ್ಮಾ?" ಅಂದೆ. ನನಗೆ ಗೊತ್ತಿತ್ತು. ಆದರೂ ಅವರ ಬಾಯಲ್ಲಿ ಆ ಮಾತು ಕೇಳಬೇಕು ಅನ್ನಿಸಿತು.

"ಗೊತ್ತಿದ್ದೂ ಕೇಳ್ತಿಯಲ್ಲ! ತತ್ತಿ. ಆತೇನು? ಅವರಿಗೆ ಹೇಳಬ್ಯಾಡ."

ಸಂಜೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದೇ ತತ್ತಿ ಕೊಂಡೆ. ಖಾಲಿ ಟಿಫಿನ್ ಡಬ್ಬಿಯಲ್ಲಿ ಕರ್ಚೀಫು ಸುತ್ತಿ ಇಟ್ಟುಕೊಂಡು ಕಳ್ಳಿಯ ಹಾಗೆ ಗೇಟು ದಾಟಿದೆ. ಅವರ ಅಡುಗೆಮನೆಯ ಮಾತೇ ಇರಲಿಲ್ಲ, ಕುದಿಸುವುದು ನನ್ನ ಒಲೆಯ ಮೇಲೆಯೇ. ನೀರು ಕಾಯುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು. ಮರಿಯನ್ನು ಮಫ್ಲರಿನಲ್ಲಿ ಹಿಡಿದುಕೊಂಡು ಓನರಮ್ಮ ನಿಂತಿದ್ದರು. ಎಂದಿನಂತೆ ಹೊರಗೇ ನಿಲ್ಲುತ್ತಾರೆ ಎಂದುಕೊಂಡೆ. ಹೊಸ್ತಿಲು ದಾಟಿ ಬಂದು, ಬಾಗಿಲು ಹಾಕಿ, ನನ್ನ ಚಾಪೆಯ ಮೇಲೆ ಕೂತುಬಿಟ್ಟರು.

ಕುದಿಯುವ ನೀರಿನಲ್ಲಿ ತತ್ತಿ ಕಟಕಟ ಸದ್ದು ಮಾಡುತ್ತಿತ್ತು. ಅವರು ಅದರ ಕಡೆಯೇ ನೋಡುತ್ತಿದ್ದರು. "ಇದರಾಗ ಮರಿ ಇರ್ತೈತೇನು?"

"ಇಲ್ಲಮ್ಮಾ. ಇದು ಫಾರಂ ತತ್ತಿ. ಕಾವು ಕೊಟ್ಟರೂ ಮರಿ ಆಗಂಗಿಲ್ಲ."

"ಖರೇನಾ?"

"ಖರೇನಮ್ಮಾ."

ತುಸು ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದರು. ಮತ್ತೆ ಅದನ್ನೇ ಹೇಳಿದೆ. ಸುಲಿದು ಹಳದಿಯನ್ನು ಬೇರೆ ಮಾಡಿ, ಡ್ರಾಪ್ಸ್ ಹಾಕಿ ನಾದಿದೆ. ನಾನು ತಿನಿಸುತ್ತೇನೆ, ಅವರು ಹಿಡಿದುಕೊಂಡರೆ ಸಾಕು ಎಂದುಕೊಂಡಿದ್ದೆ. ಅವರು ಕೈ ಚಾಚಿದರು. ಮುದ್ದೆಯಾದ ಹಳದಿಯನ್ನು ತಮ್ಮ ಬೆರಳ ತುದಿಯಲ್ಲೇ ತೆಗೆದುಕೊಂಡು, ಎಡಗೈಯಿಂದ ಮರಿಯ ತಲೆಯನ್ನು ಮೆಲ್ಲಗೆ ನೆಟ್ಟಗೆ ಮಾಡಿ, ಕೊಕ್ಕಿಗೆ ಸವರಿದರು. ಮರಿ ಮೊದಲು ತಲೆ ಕೊಡವಿತು. ಆಮೇಲೆ ಕೊಕ್ಕು ಆಡಿಸಿತು. ನುಂಗಿತು. "ನುಂಗ್ತು!" ಎಂದು ಓನರಮ್ಮ ಎಷ್ಟು ಗಟ್ಟಿಯಾಗಿ ಅಂದರೆಂದರೆ, ಹಾಕಿದ ಬಾಗಿಲಿಗೂ ಅರ್ಥವಿಲ್ಲದಂತಾಯಿತು. ಇಬ್ಬರೂ ನಕ್ಕೆವು.

ಬಿಳಿಯ ಭಾಗ ತಟ್ಟೆಯಲ್ಲಿ ಉಳಿದಿತ್ತು. "ಅದನ್ನೇನು ಮಾಡ್ತಿ?" ಅಂದರು. ತಿನ್ನುತ್ತೇನೆ ಅಂದೆ. "ತಿನ್ನು ಮತ್ತ. ಚೆಲ್ಲಬ್ಯಾಡ," ಅಂದು ಮುಖ ಆ ಕಡೆ ತಿರುಗಿಸಿದರು. ಉಪ್ಪಿಲ್ಲದ ಅದನ್ನು ನಾನು ಅವರ ಬೆನ್ನ ಹಿಂದೆ ಕೂತು ತಿಂದೆ. ನಗು ಬಂತು.

ಆಮೇಲಿನ ದಿನಗಳಲ್ಲಿ ಆಸೆ ಹುಟ್ಟಿತು. ನಾನು ಇಲ್ಲದಾಗಲೂ ಅವರೇ ನನ್ನ ಕೋಣೆಯ ಬೀಗ ತೆಗೆದು, ಮುಚ್ಚಿಟ್ಟ ಬಟ್ಟಲಿನಿಂದ ತೆಗೆದು ತಿನಿಸುತ್ತಿದ್ದರು. ಪ್ರತಿ ಸಲ ಹುಣಸೆಹಣ್ಣು ಹಚ್ಚಿ ಕೈ ತೊಳೆಯುತ್ತಿದ್ದರು. ಒಂದು ಸಂಜೆ ಮರಿ ಕತ್ತನ್ನು ತಾನೇ ನೆಟ್ಟಗೆ ಹಿಡಿದು, ಅವರ ಹಸಿರು ಬಳೆಯನ್ನು ಕುಕ್ಕಿತು. ನೆಟ್ಟಗೆ ಗುರಿಯಿಟ್ಟು ಕುಕ್ಕಿತು! ಓನರಮ್ಮ ಅದನ್ನು ಮಗಳಿಗೂ ಹೇಳಿದರು, ಓಣಿಗೂ ಹೇಳಿದರು. ಬೆಕ್ಕಿಗೆ ಒಗೀರಿ ಅಂದವರಿಗಂತೂ ಕರೆದು ಹೇಳಿದರು.

ಅದಾದ ಮರುದಿನವೇ ಗುಡ್ಡದ ಕಡೆಯಿಂದ ಜೋರು ಮಳೆ ಹಿಡಿಯಿತು. ಮಧ್ಯಾಹ್ನ ಹೋದ ಕರೆಂಟು ಬರಲೇ ಇಲ್ಲ. ಬಲ್ಬು ಆರಿತ್ತು. ನಾನು ಕೆಲಸದಿಂದ ಬರುವಷ್ಟರಲ್ಲಿ ಓನರಮ್ಮ ಸ್ಟೀಲ್ ಚೊಂಬಿಗೆ ಬಿಸಿನೀರು ತುಂಬಿ ಬುಟ್ಟಿಯಲ್ಲಿ ಇಟ್ಟು, ಆರಿದಂತೆಲ್ಲ ಬದಲಾಯಿಸುತ್ತಿದ್ದರು. ಮರಿ ಕಣ್ಣು ಮುಚ್ಚಿತ್ತು. ಕತ್ತು ಮತ್ತೆ ಹಿಂದಕ್ಕೆ ಹೋಗಿತ್ತು. ಹಳದಿ ಸವರಿದರೆ ಕೊಕ್ಕು ಆಡಿಸಲಿಲ್ಲ. ಯಜಮಾನರು ಅಂಗಡಿಯಿಂದ ನೆನೆಯುತ್ತ ಬಂದವರು, ಕೋಣೆಯ ಬಾಗಿಲಲ್ಲಿ ಒಂದು ಕ್ಷಣ ನಿಂತರು. ಅವರಿಗೆ ತತ್ತಿಯ ವಾಸನೆ ಬಂದೇ ಇರಬೇಕು. ಆದರೂ ಹೋಗಿ ಒಂದು ಹಳೆಯ ಬಾಣಲೆಯಲ್ಲಿ ಕೆಂಡ ತಂದು ಬುಟ್ಟಿಯಿಂದ ತುಸು ದೂರ ಇಟ್ಟು ಹೋದರು.

ನಾವು ಮಾಡಬಹುದಾದದ್ದು ಅಷ್ಟೇ ಇತ್ತು. ಬಿಸಿ ಮಾಡುವುದು, ಕೂರುವುದು, ನೋಡುವುದು. ದನದ ದವಾಖಾನೆ ಮುಚ್ಚಿತ್ತು. ತೆರೆದಿದ್ದರೂ ಡಾಕ್ಟರು ಮೊದಲೇ ಕೈ ಚೆಲ್ಲಿದ್ದರು. ಓನರಮ್ಮ ಮರಿಯನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಬಾಯಿಂದ ಬಿಸಿಯುಸಿರು ಊದುತ್ತಿದ್ದರು. ಊದುತ್ತಲೇ ಇದ್ದರು. ಬೆಳಕು ಹರಿದಾಗ ಅದು ಅವರ ಅಂಗೈಯಲ್ಲೇ ತಣ್ಣಗಾಗಿತ್ತು. ಆಮೇಲೂ ತುಸು ಹೊತ್ತು ಊದಿದರು...

ಕಟ್ಟಿಗೆ ರಾಶಿಯ ಪಕ್ಕದಲ್ಲೇ ಗುಂಡಿ ತೋಡಿದೆ. ಅವರು ಒಂದು ಚಿಟಿಕೆ ವಿಭೂತಿ ಹಾಕಿದರು. ಆಮೇಲೆ ತಲೆಗೆ ನೀರು ಹಾಕಿಕೊಂಡು ಬಂದು ಇಡೀ ಹಿತ್ತಲ ಕೋಣೆಗೆ ಗಂಜಲ ಚಿಮುಕಿಸಿದರು. ಅದನ್ನು ನೋಡಿ ನನಗೆ ಉರಿದುಹೋಯಿತು. "ಯಾಕಮ್ಮಾ, ತತ್ತಿ ಬಂತು ಅಂತ ತೊಳೀತೀರೇನು?" ಎಂದು ಕೇಳಿಯೇಬಿಟ್ಟೆ.

"ಹುಚ್ಚಿ. ಸತ್ತ ಮನಿ ತೊಳೀಬೇಕಲ್ಲೇನು?" ಅಂದರು. ಅವರ ಕಣ್ಣುಗಳು ಕೆಂಪಾಗಿದ್ದವು. ತುಸು ಹೊತ್ತಿಗೆ ತಾವೇ ಮುಂದುವರಿಸಿದರು, "ಇನ್ನ ತತ್ತಿ ತರಬ್ಯಾಡ ಯವ್ವಾ. ಆಗಿದ್ದು ಆತು."

ಕಟ್ಟಳೆ ತಿರುಗಿ ತನ್ನ ಜಾಗದಲ್ಲಿ ಕೂತಿತು. ಮರಿಗಾಗಿ ಮುರಿದದ್ದನ್ನು ನನಗಾಗಿ ಮುರಿಯುವುದಿಲ್ಲ ಎಂದು ನನಗೆ ಸಿಟ್ಟು ಬಂದದ್ದು ಸುಳ್ಳಲ್ಲ. ಆದರೆ ಹೊಸ್ತಿಲಿನ ಕಟ್ಟಳೆ ತಿರುಗಿ ಬರಲಿಲ್ಲ. ಸಂಜೆ ಅವರು ಮನೆಗೆಲಸ ಮುಗಿಸಿ ಬಂದು ನನ್ನ ಚಾಪೆಯ ಮೇಲೆ ಕೂತು, ಕಾಲು ನೀವಿಕೊಳ್ಳುತ್ತ ಊರ ಸುದ್ದಿ ಹೇಳುತ್ತಿದ್ದರು. ನಾನು ಮಾಡಿದ ಚಹಾ ಕುಡಿಯುತ್ತಿದ್ದರು, ಸಕ್ಕರೆ ಹೆಚ್ಚಾಯಿತು ಎಂದು ಬಯ್ಯುತ್ತಿದ್ದರು.

ಮದುವೆಯಾಗಿ ನಾನು ಹೊಸಪೇಟೆಗೆ ಬಂದೆ. ಹಬ್ಬಕ್ಕೊಮ್ಮೆ ಫೋನು, ಸಂಡೂರಿಗೆ ಹೋದಾಗ ಒಂದು ಭೇಟಿ. ಹೀಗೇ ವರ್ಷಗಳು ಹೋದವು. ಒಂದು ದಿನ ಅವರ ಮಗಳು ಫೋನು ಮಾಡಿ, ಅಮ್ಮನನ್ನು ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದ್ದೇವೆ, ನೀವು ಒಂದು ಸಲ ಬಂದು ಹೇಳಬೇಕು ಅಂದಳು. ಹೊಟ್ಟೆಯ ದೊಡ್ಡ ಆಪರೇಷನ್ ಆಗಿತ್ತು. ಗಾಯ ಮಾಯುತ್ತಿರಲಿಲ್ಲ. ಮೈಯಲ್ಲಿ ಶಕ್ತಿ ಇಲ್ಲ, ದಿನಾ ತತ್ತಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ತತ್ತಿಯ ಬದಲು ಪ್ರೋಟೀನ್ ಪುಡಿ ಕಲಸಿ ಕೊಟ್ಟರೆ ವಾಂತಿ. ಯಜಮಾನರೇ ಕೈ ಮುಗಿದು ಕೇಳಿಕೊಂಡಿದ್ದರಂತೆ, ಅವರು ಬಾಯಿ ತೆರೆದಿರಲಿಲ್ಲ.

ನಾನು ಮನೆಯಲ್ಲಿ ತತ್ತಿ ಕುದಿಸಿ ಡಬ್ಬಿಗೆ ಹಾಕಿಕೊಂಡು ಹೋದೆ. ಮಂಚದ ಮೇಲೆ ಅವರು ಎಷ್ಟು ಸಣ್ಣಗಾಗಿದ್ದರು! ಕೈ ಹಿಡಿದುಕೊಂಡು ಕೂತೆ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಅವರಿಗೆ ತಿಳಿದಿತ್ತು.

"ಆ ಮರಿಗೆ ನಿಮ್ಮ ಕೈಯಾರೆ ತಿನ್ನಿಸಿದ್ರಲ್ಲಮ್ಮಾ," ಅಂದೆ. "ನಿಮಗೆ ನಾ ತಿನ್ನಿಸ್ತೀನಿ. ಒಂದು ತುತ್ತು."

"ಅದಕ್ಕ ಬ್ಯಾಡ ಅನ್ನಾಕ ಬರ್ತಿದ್ದಿಲ್ಲ ಯವ್ವಾ," ಅಂದರು. "ನನಗ ಬರ್ತೈತಿ."

ಜಗಳ ಮಾಡಲು ಅವರಲ್ಲಿ ಬಲವಿರಲಿಲ್ಲ, ಸುಮ್ಮನಿರಲು ನನ್ನಲ್ಲಿ ಬಲವಿರಲಿಲ್ಲ. ಮಗಳು ಕಿಟಕಿಯ ಕಡೆ ತಿರುಗಿ ಅಳುತ್ತಿದ್ದಳು. ಡಬ್ಬಿಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡು ಎದ್ದೆ. ಕೆಲವು ದಿನಗಳಲ್ಲಿ ಅವರು ಹೋದರು.

ತತ್ತಿ ತಿಂದಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಯಾರಿಗೆ ಗೊತ್ತು. ಡಾಕ್ಟರೂ ಖಾತ್ರಿ ಹೇಳಿರಲಿಲ್ಲ. ಈಗ ಸಂಡೂರಿಗೆ ಕೆಲಸದ ಮೇಲೆ ಹೋಗುತ್ತೇನೆ, ಆ ಓಣಿಯ ಕಡೆ ಹೋಗುವುದಿಲ್ಲ. ಹೋದರೆ ಬಯ್ಯುವವರಿಲ್ಲ ಎಂಬುದು ಅಲ್ಲಿಗೆ ಹೋಗದೆಯೂ ಗೊತ್ತಿದೆ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅವರನ್ನು ನೆನೆದರೆ ಇವತ್ತಿಗೂ ಅಳು ಬರುತ್ತದೆ. ಎರಡು ಸಲವೂ ನನ್ನ ಕೈಯಿಂದಾದದ್ದು ಒಂದು ತತ್ತಿ ಕುದಿಸುವುದಷ್ಟೇ. ಮರಿಗೆ ಅದು ಸಾಲಲಿಲ್ಲ. ಅವರು ಬಾಯಿ ತೆರೆಯಲಿಲ್ಲ.